ಕಡೇ ಬೆಂಚಿಗೆ ಪ್ರಬೋಧನೆ ಮುಟ್ಟುವ ಬಗೆ

ಪಾಪ, ತಾಪ, ಶಾಪ. ಈ ಮೂರು ಮಾತುಗಳ ನಡುವಿನ ವ್ಯತ್ಯಾಸ ಮೊದಲಿನ ಒಂದು ವ್ಯಂಜನದಲ್ಲಿ ಮಾತ್ರ. ದೊಡ್ಡ ಚರ್ಚಿನ ಕಡೇ ಬೆಂಚಿನಲ್ಲಿ ಕುಳಿತವರಿಗೆ ಗುರುಗಳು ಇವುಗಳಲ್ಲಿ ಯಾವುದನ್ನು ಹೇಳಿದರೆಂದು ತಿಳಿಯದೇ ಹೋಗುವುದುಂಟು. ಸದ್ದು ಬೇಕಾದಷ್ಟು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ಸಮಿತಿ ಸಭೆ ಸೇರುತ್ತದೆ, ಚಂದಾ ಎತ್ತುತ್ತದೆ, ಇನ್ನೂ ನಾಲ್ಕು ಸ್ಪೀಕರುಗಳನ್ನು ಗೋಡೆಗೆ ಹೊಡೆಸುತ್ತದೆ. ಮುಂದಿನ ಭಾನುವಾರ ಗೊಂದಲ ಮೊದಲಿಗಿಂತ ಹೆಚ್ಚಾಗಿರುತ್ತದೆ.

ಹೀಗೇಕೆ? ಮಾತಿನ ಬಲವೆಲ್ಲ ಸ್ವರಗಳಲ್ಲಿದೆ. ಅರ್ಥ ಹೆಚ್ಚಾಗಿ ವ್ಯಂಜನಗಳಲ್ಲಿದೆ. ವ್ಯಂಜನಗಳು ಕ್ಷಣಿಕ, ದುರ್ಬಲ. ಕಲ್ಲು, ಗಾರೆ, ಗಾಜಿನ ಕಟ್ಟಡದಲ್ಲಿ ಹಿಂದಿನ ಸ್ವರ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಮುಂದಿನ ವ್ಯಂಜನ ಬಂದು ಅದರಡಿ ಮುಳುಗಿಹೋಗುತ್ತದೆ. ಈ ಗುಂಯ್‌ಕಾರಕ್ಕೆ ಲೆಕ್ಕ ಹಾಕಿಕೊಟ್ಟವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸ್ಯಾಬಿನ್. ಅಲ್ಲಿಯ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ತಿಳಿಯುವುದಿಲ್ಲವೆಂಬ ದೂರಿನ ಬೆನ್ನು ಹತ್ತಿ, 1895ರಿಂದ ಅವರು ಮೆತ್ತೆಗಳನ್ನು ಒಳಗೂ ಹೊರಗೂ ಸಾಗಿಸುತ್ತ ಪ್ರಯೋಗ ನಡೆಸಿದರು. ಸದ್ದು ನಿಂತ ಮೇಲೆ 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲವೇ ಅನುರಣನ ಕಾಲ. ಕಟ್ಟಡದ ಘನ ಅಳತೆ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಸದ್ದು ಹೀರುವ ವಸ್ತು ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ.

ಹಳೆಯ ಚರ್ಚುಗಳನ್ನು ಕಟ್ಟಿದವರು ತಪ್ಪು ಮಾಡಿದರೆಂದು ಇದರ ಅರ್ಥವಲ್ಲ. ಲ್ಯಾಟಿನ್ ಗಾಯನ ಒಂದರ ಮೇಲೊಂದು ಹರಡಿ ಚಾವಣಿ ತುಂಬಬೇಕೆಂಬುದೇ ಅಲ್ಲಿ ಇಷ್ಟವಾಗಿತ್ತು. ಗುರುಗಳು ಬಲಿಪೀಠದ ಕಡೆ ಮುಖಮಾಡಿ ಎಷ್ಟೋ ಪ್ರಾರ್ಥನೆಗಳನ್ನು ಮೆಲುದನಿಯಲ್ಲೇ ಹೇಳುತ್ತಿದ್ದರು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ಜನರ ಭಾಷೆಗೆ ಬಂತು. ಕನ್ನಡದಲ್ಲಿ ಹೇಳಿದ ಮೇಲೆ ಅದು ತಿಳಿಯಲೇಬೇಕಲ್ಲ! ಹಾಡಿಗೆ ಕಟ್ಟಿದ ಮನೆಯಲ್ಲಿ ಮಾತು ನಡೆಸಬೇಕಾದ ಪೇಚು ಅಲ್ಲಿಂದ ಹಿರಿದಾಯಿತು. ಪ್ರಾಟೆಸ್ಟಂಟರಿಗೆ ಈ ಪೇಚು ಮೊದಲಿನಿಂದಲೂ ಇತ್ತು. ಪ್ರಸಂಗಪೀಠದ ತಲೆಯ ಮೇಲೆ ಮರದ ಹಲಗೆಯ ಕೊಡೆ ಕಟ್ಟಿ ದನಿಯನ್ನು ಮುಂದಕ್ಕೆ ತಳ್ಳುವ ಉಪಾಯ ಹಳೆಯದು.

ಈ ಪೇಚಿಗೆ ಯಂತ್ರದ ಪರಿಹಾರ ಕಂಡ ಪ್ರಸಿದ್ಧ ಸ್ಥಳ ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್. ಖಾಲಿ ಇದ್ದಾಗ ಅದರ ಅನುರಣನ ಕಾಲ ಸುಮಾರು 11 ಸೆಕೆಂಡು; ಒಂದು ವಾಕ್ಯ ಮುಗಿದು ಮತ್ತೆರಡು ವಾಕ್ಯ ಹೇಳುವವರೆಗೂ ಮೊದಲನೆಯದರ ಬಾಲ ಅಲ್ಲೇ ಸುತ್ತುತ್ತಿರುತ್ತದೆ. 1950ರ ದಶಕದ ಆರಂಭದಲ್ಲಿ ಪಾರ್ಕಿನ್ ಮತ್ತು ಟೇಲರ್ ಎಂಬಿಬ್ಬರು ಅಲ್ಲಿ ಎರಡು ಉಪಾಯಗಳನ್ನು ಜೋಡಿಸಿದರು.

ಮೊದಲನೆಯದು ಕಂಬದಂಥ ಕಾಲಮ್ ಸ್ಪೀಕರ್. ಚಿಕ್ಕ ಸ್ಪೀಕರುಗಳನ್ನು ಒಂದರ ಮೇಲೊಂದು ಸಾಲಾಗಿ ನಿಲ್ಲಿಸಿದರೆ ಸದ್ದು ಎಡಬಲಕ್ಕೆ ಅಗಲವಾಗಿ ಹರಡುತ್ತದೆ, ಮೇಲೆ ಕೆಳಗೆ ಕಿರಿದಾಗುತ್ತದೆ. ಅಂದರೆ ಜನರ ಕಿವಿಗೆ ಹೋಗುತ್ತದೆ, ಗುಮ್ಮಟಕ್ಕೆ ಕಡಿಮೆ ಹೋಗುತ್ತದೆ. ಅಂದಕ್ಕೆಂದೋ ಜಾಗ ಸಾಲದೆಂದೋ ಇದನ್ನು ಅಡ್ಡಡ್ಡ ಮಲಗಿಸಿ ಹೊಡೆದರೆ ಕೆಲಸ ತಿರುಗುಮುರುಗಾಗುತ್ತದೆ: ಸದ್ದು ಚಾವಣಿಗೂ ನೆಲಕ್ಕೂ ಹರಡಿ, ಪಕ್ಕದ ಬೆಂಚುಗಳಿಗೆ ಸಿಗುವುದಿಲ್ಲ. ಕೊಳ್ಳುವಾಗ ಉದ್ದವನ್ನೂ ನೋಡಬೇಕು. 500 ಹರ್ಟ್ಸ್ ಸದ್ದಿನ ಅಲೆಯ ಉದ್ದ ಸುಮಾರು 69 ಸೆಂ.ಮೀ. ಎರಡಡಿ ಉದ್ದದ ಕಾಲಮ್ ಅದಕ್ಕಿಂತ ಕೆಳಗಿನ ಸದ್ದನ್ನು ಹೆಚ್ಚೇನೂ ಹಿಡಿದಿಡಲಾರದು. ನಾಲ್ಕಡಿಯದು ವಾಸಿ.

ಎರಡನೆಯ ಉಪಾಯ ತಡ. ಸದ್ದಿಗೆ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ತಂತಿಯಲ್ಲಿ ಹೋಗುವ ವಿದ್ಯುತ್ತಿಗೆ ಕಾಲವೇ ಹಿಡಿಯದು. ಹಾಗಾಗಿ ಬಲಿಪೀಠದಿಂದ 20 ಮೀಟರ್ ಆಚೆಯ ಕಂಬದಲ್ಲಿರುವ ಸ್ಪೀಕರ್, ಗುರುಗಳ ಬಳಿಯ ದನಿ ಅಲ್ಲಿಗೆ ಬರುವ ಮುನ್ನವೇ ಮಾತನಾಡಿಬಿಡುತ್ತದೆ. ಕೇಳುವವನಿಗೆ ಒಂದೇ ಮಾತು ಎರಡು ಸಲ. ಇದನ್ನು ತಪ್ಪಿಸಲು ಲಂಡನ್ನಿನಲ್ಲಿ ತಿರುಗುವ ಕಾಂತೀಯ ಚಕ್ರವೊಂದನ್ನು ಬಳಸಿದರು. ಒಂದು ಕಡೆ ಮಾತು ಅದರಲ್ಲಿ ದಾಖಲಾಗುತ್ತದೆ, ಚಕ್ರ ಸ್ವಲ್ಪ ತಿರುಗಿದ ಮೇಲೆ ಮತ್ತೊಂದು ಕಡೆ ಓದಿಸಿಕೊಂಡು ದೂರದ ಸ್ಪೀಕರಿಗೆ ಹೋಗುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ ಅದೇ ಸುಮಾರಿಗೆ ತೋರಿಸಿಕೊಟ್ಟ ಸಂಗತಿ ಇದಕ್ಕೆ ಬೆಂಬಲವಾಯಿತು: ಎರಡನೆಯ ಸದ್ದು ಕೆಲವು ಮಿಲಿಸೆಕೆಂಡುಗಳಿಂದ 30ರವರೆಗೆ ತಡವಾಗಿ ಬಂದರೆ, ಅದು ಸಾಕಷ್ಟು ಜೋರಾಗಿದ್ದರೂ ಕಿವಿ ಮೊದಲನೆಯ ದಿಕ್ಕನ್ನೇ ನಂಬುತ್ತದೆ. ಮೇಲಿನ ಉದಾಹರಣೆಯಲ್ಲಿ ದಾರಿಯ 58 ಮಿಲಿಸೆಕೆಂಡಿಗೆ ಇನ್ನೊಂದು 15 ಸೇರಿಸಿ ತಡಮಾಡಿದರೆ, ಮಾತು ಪಕ್ಕದ ಕಂಬದಿಂದ ಬರುತ್ತಿದ್ದರೂ ಗುರುಗಳ ಬಾಯಿಂದಲೇ ಬಂದಂತೆ ತೋರುತ್ತದೆ. ಇಂದು ಆ ಚಕ್ರದ ಕೆಲಸವನ್ನು ಅಂಗೈಯಗಲದ ಡಿಜಿಟಲ್ ಉಪಕರಣ ಮಾಡುತ್ತದೆ. ನಮ್ಮಲ್ಲಿ ಸ್ಪೀಕರಿಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ಎತ್ತಿಡುವುದು ಜಾಣತನ.

ಸ್ಪೀಕರ್ ಎಷ್ಟು ದೂರ ಕೆಲಸಕ್ಕೆ ಬರುತ್ತದೆ ಎಂಬುದಕ್ಕೂ ಲೆಕ್ಕವಿದೆ. 10,000 ಘನ ಮೀಟರಿನ, 4 ಸೆಕೆಂಡು ಅನುರಣನದ ಚರ್ಚಿನಲ್ಲಿ ಸಾಧಾರಣ ಪೆಟ್ಟಿಗೆ ಸ್ಪೀಕರಿನ ನೇರ ದನಿ ಸುಮಾರು 4 ಮೀಟರಿಗೇ ಗುಂಯ್‌ಕಾರಕ್ಕೆ ಸಮವಾಗಿಬಿಡುತ್ತದೆ. ಸದ್ದನ್ನು ಐದು ಪಟ್ಟು ಬಿಗಿಯಾಗಿ ಒಂದೆಡೆಗೆ ಕಳಿಸುವ ಸ್ಪೀಕರಾದರೆ 9 ಮೀಟರ್. ವಾಲ್ಯೂಮ್ ಏರಿಸಿದರೆ ಈ ದೂರ ಒಂದಿಂಚೂ ಹೆಚ್ಚುವುದಿಲ್ಲ, ಏಕೆಂದರೆ ನೇರ ದನಿಯೊಡನೆ ಗುಂಯ್‌ಕಾರವೂ ಅಷ್ಟೇ ಏರುತ್ತದೆ. ಹೊಸ ಸ್ಪೀಕರ್ ಕೂಡಿಸಿದರೆ ಅದರ ಎದುರಿಗಿರುವ ಕೆಲವರಿಗೆ ಲಾಭ, ಉಳಿದವರಿಗೆಲ್ಲ ಗುಂಯ್‌ಕಾರ ಅಧಿಕ. ಚಂದಾ ಹಣ ಪೋಲಾಗುವುದು ಇಲ್ಲಿಯೇ.

ಗೋಡೆಗೆ ಸದ್ದು ಹೀರುವ ಹಲಗೆ ಹೊಡೆಸಬಹುದಲ್ಲ ಎಂದರೆ, ಎಲ್ಲೆಡೆ ಅದು ಆಗದು. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ. ಅವುಗಳ ಮೇಲೆ ಮೊಳೆ ಹೊಡೆಯುವವರಾರು? 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಗಾಥಿಕ್ ಕಮಾನುಗಳಿಗೂ ಹಲಗೆ ಶೋಭಿಸದು. ಇಂಥಲ್ಲಿ ಉಳಿದ ದಾರಿಯೆಂದರೆ, ಗೋಡೆಯ ಬಣ್ಣವನ್ನೇ ಬಳಿದ ಸಪೂರ ಕಾಲಮ್‌ಗಳನ್ನು ಕಂಬಗಳಿಗೆ ಒರಗಿಸಿ, ಕೂತವರ ತಲೆಗಿಂತ ತುಸು ಮೇಲಿಂದ ಕೆಳಕ್ಕೆ ಬಾಗಿಸುವುದು. ಮೈಕು ಸ್ಪೀಕರುಗಳ ಹಿಂದಿರಬೇಕು; ಮುಂದೆ ಬಂದರೆ ಅದು ಕೂಗಿಕೊಳ್ಳುವುದು ಖಚಿತ. ಗಾನವೃಂದಕ್ಕೆ ಈ ಕಟ್ಟಡಗಳು ಹೇಗಿವೆಯೋ ಹಾಗೇ ಚೆನ್ನ. ಅದಕ್ಕೆ ಮೈಕು ಕಡಿಮೆಯಾದಷ್ಟೂ ಒಳ್ಳೆಯದು.

ಪರೀಕ್ಷೆ ಮಾಡುವ ದಿನವೂ ಮುಖ್ಯ. ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನಷ್ಟು ಸದ್ದನ್ನು ಹೀರುತ್ತಾನೆ. ಮೇಲೆ ಹೇಳಿದ ಚರ್ಚಿಗೆ 400 ಜನ ಬಂದು ಕುಳಿತರೆ 4 ಸೆಕೆಂಡಿನ ಅನುರಣನ ಹತ್ತಿರ ಹತ್ತಿರ 2.7ಕ್ಕೆ ಇಳಿಯುತ್ತದೆ. ಆದ್ದರಿಂದ ಭಾನುವಾರ ಚೆನ್ನಾಗಿ ಕೇಳಿಸಿತೆಂದು ಸಮಿತಿಯವರು ಬಿಲ್ ಪಾವತಿ ಮಾಡಿ ಸುಮ್ಮನಾಗಬಾರದು. ವಾರದ ದಿನ ಬೆಳಗಿನ ಪೂಜೆಗೆ ಬರುವವರು ಹದಿನೈದೋ ಇಪ್ಪತ್ತೋ ಮಂದಿ, ಬಹುತೇಕ ವಯಸ್ಸಾದವರು. ಕಿವಿ ಮಂದವಾದವರಿಗೇ ಕಟ್ಟಡ ಅತಿ ಹೆಚ್ಚು ಗುಂಯ್‌ಗುಡುವ ಹೊತ್ತು ಅದು. ಆ ಹೊತ್ತಿನಲ್ಲಿ ಹಿಂದಿನ ಸ್ಪೀಕರುಗಳ ಸ್ವಿಚ್ ಆರಿಸಿ, ಮುಂದಿನ ಎರಡನ್ನೇ ಇಟ್ಟುಕೊಂಡು, ಎಲ್ಲರನ್ನೂ ಮುಂದಿನ ಬೆಂಚುಗಳಿಗೆ ಕರೆದು ಕೂರಿಸಿದರೆ ಖರ್ಚಿಲ್ಲದೆ ಅರ್ಧ ತೊಂದರೆ ಕಳೆಯುತ್ತದೆ. ಬೆಂಚುಗಳಿಗೆ ದಪ್ಪ ಮೆತ್ತೆ ಹಾಸಿದರೆ ಇನ್ನೂ ಸ್ವಲ್ಪ. ಬಾರದ ಜನರ ಪಾಲಿನ ಸದ್ದನ್ನು ಮೆತ್ತೆಗಳೇ ಹೀರುತ್ತವೆ.