ಸುದ್ದಿ ಬಸ್ಸೇರಿ ಬರುತ್ತಿದ್ದ ಕಾಲ

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳ ಮನೆಮನೆಗೆ ಅದು ಮುಟ್ಟಿದ್ದು ಮೊಬೈಲ್ ಡೇಟಾ ಅಗ್ಗವಾದ ಮೇಲೆ, ಸುಮಾರು ಎರಡು ದಶಕ ತಡವಾಗಿ. ಅಲ್ಲಿಯವರೆಗೆ ಸುದ್ದಿ, ಹಣ, ಸರ್ಕಾರಿ ಕಾಗದ ಎಲ್ಲವೂ ಮನುಷ್ಯರ ಕೈಯಿಂದ ಕೈಗೆ ದಾಟಿಯೇ ಬರಬೇಕಿತ್ತು.

ಕೂಡ್ಲಿಗಿ ಮೊದಲಾದ ಇವೆಲ್ಲ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಆಗ ಬಳ್ಳಾರಿ ಜಿಲ್ಲೆಯ ಪಶ್ಚಿಮದ ಅಂಚು. ಹರಪನಹಳ್ಳಿ ಮಾತ್ರ 1997ರಿಂದ ಸುಮಾರು ಎರಡು ದಶಕ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಹಡಗಲಿಯವರಿಗೆ ಬಳ್ಳಾರಿ ನೂರು ಕಿಲೋಮೀಟರಿಗೂ ಆಚೆ. ಅರ್ಜಿಯೊಂದು ಎಲ್ಲಿಗೆ ಬಂತೆಂದು ಕೇಳಲು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿ ಹೋಗಬೇಕು. ಸಾಹೇಬರು ಕ್ಯಾಂಪಿಗೆ ಹೋಗಿದ್ದರೆ ಮತ್ತೊಂದು ದಿನ. ಹೊಲದ ಪಹಣಿಯೂ ಕೈಬರಹದ್ದೇ, ಅದಕ್ಕಾಗಿ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ್ದು 2000ದ ಆಸುಪಾಸಿನಲ್ಲಿ.

ಕಾಯುವ ಕಷ್ಟ ಹೆಚ್ಚು ತಟ್ಟಿದ್ದು ಗುಳೆ ಹೋದವರ ಮನೆಗಳಿಗೆ. ಮಳೆ ಕೈಕೊಟ್ಟ ವರ್ಷ ಹಳ್ಳಿ, ತಾಂಡಾಗಳಿಂದ ಜನ ಮಲೆನಾಡಿನ ಕಾಫಿ ತೋಟಕ್ಕೋ ಮಂಡ್ಯದ ಕಬ್ಬಿನ ಗದ್ದೆಗೋ ಹೊರಡುತ್ತಿದ್ದರು. ಊರಲ್ಲಿ ಉಳಿದವರು ಮುದುಕರು ಮತ್ತು ಮಕ್ಕಳು. ಅವರಿಗೆ ಆಸರೆ ಇನ್‌ಲ್ಯಾಂಡ್ ಪತ್ರ ಮತ್ತು ಮನಿ ಆರ್ಡರ್. ಮನಿ ಆರ್ಡರ್ ಫಾರಂನ ತುದಿಯಲ್ಲಿ ನಾಲ್ಕು ಮಾತು ಬರೆಯುವಷ್ಟು ಜಾಗವಿರುತ್ತಿತ್ತು. ಹಣದಷ್ಟೇ ಆಸೆಯಿಂದ ಜನ ಆ ನಾಲ್ಕು ಮಾತಿಗೆ ಕಾಯುತ್ತಿದ್ದರು. ಓದು ಬಾರದ ಮನೆಯಲ್ಲಿ ಪೋಸ್ಟ್‌ಮ್ಯಾನ್ ಅಥವಾ ಶಾಲೆಯ ಮೇಷ್ಟ್ರು ಓದಿ ಹೇಳಬೇಕು, ಉತ್ತರವನ್ನೂ ಅವರೇ ಬರೆಯಬೇಕು. ಆ ಕಾಲವನ್ನು ಬರೀ ಸವಿನೆನಪಾಗಿ ಹೇಳುವವರು ಇದನ್ನು ಮರೆಯಬಾರದು: ಗಂಡನಿಗೆ ಹೇಳಬೇಕಾದ ಸಂಕಟವನ್ನು ಹೆಣ್ಣುಮಗಳು ಮೂರನೆಯವರ ಎದುರು ಬಾಯಿಬಿಟ್ಟು ಹೇಳಬೇಕಿತ್ತು. ಎಷ್ಟೋ ಮಾತು ಹೇಳದೆಯೇ ಉಳಿದುಹೋಗಿವೆ.

ಶುಭಕಾರ್ಯದ ಕಾಗದಕ್ಕೆ ಮೂಲೆಯಲ್ಲಿ ಅರಿಸಿನ ಹಚ್ಚುತ್ತಿದ್ದರು. ಟೆಲಿಗ್ರಾಂ ಬಂದರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು, ಸಾವಿನ ಸುದ್ದಿಯನ್ನು ಬಿಟ್ಟು ಅದಕ್ಕಾಗಿ ಹಣ ಸುರಿಯುವವರು ಕಡಿಮೆ. 2013ರ ಜುಲೈನಲ್ಲಿ ಆ ಸೇವೆ ನಿಂತಿತು. ದೂರದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕು. ಎಸ್‌ಟಿಡಿ ಬೂತ್‌ಗಳು ಬಂದ ಮೇಲೆ ರಾತ್ರಿ ದರ ಇಳಿಯುವ ಹೊತ್ತಿಗೆ ಸಾಲು ನಿಲ್ಲುತ್ತಿತ್ತು.

ಹೊರಲೋಕದ ಸುದ್ದಿಗೆ ರೇಡಿಯೊ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಗಿತ್ತು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿದ್ದ ದಿನಗಳಲ್ಲಿ ಅದು ಎಲ್ಲರ ಮನೆಯ ವಸ್ತುವಲ್ಲ. ವಾರ್ತೆಯ ಹೊತ್ತಿಗೆ ಜನ ಪಂಚಾಯಿತಿ ಕಟ್ಟೆಗೆ ಬಂದು ಕೂರುತ್ತಿದ್ದರು. ಪತ್ರಿಕೆಯ ಕಟ್ಟು ಬಸ್ಸಿನಲ್ಲಿ ಬಂದಿಳಿಯುತ್ತಿತ್ತು. ಹೋಟೆಲಿನಲ್ಲಿ ಒಬ್ಬ ಗಟ್ಟಿಯಾಗಿ ಓದಿದರೆ ಹತ್ತು ಜನ ಕೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಶಾಲೆಯ ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು.

ಊರೂರಿನ ಸುದ್ದಿ ಒಟ್ಟಿಗೆ ಕೂಡುತ್ತಿದ್ದದ್ದು ಸಂತೆ ಮತ್ತು ಜಾತ್ರೆಗಳಲ್ಲಿ. ಕೊಟ್ಟೂರಿನ ಗುರುಬಸವೇಶ್ವರನ ತೇರಿಗೆ ದೂರದಿಂದ ನಡೆದೇ ಬರುವವರಿದ್ದರು, ಈಗಲೂ ಇದ್ದಾರೆ. ಹೆಣ್ಣು ಗಂಡಿನ ಮಾತು, ಎತ್ತಿನ ಬೆಲೆ, ಹಳೆಯ ಸಾಲದ ವಾಯಿದೆ ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನೇರಿ ಕಾರಣಿಕ ನುಡಿಯುತ್ತಾನೆ. ಒಂದೇ ಸಾಲಿನ ಆ ನುಡಿಯಲ್ಲಿ ರೈತರು ವರ್ಷದ ಮಳೆ ಬೆಳೆಯ ಸೂಚನೆ ಹುಡುಕುತ್ತಾರೆ. ಈಗ ಅದು ನಿಮಿಷದೊಳಗೆ ಮೊಬೈಲಿಗೆ ಬರುತ್ತದೆ. ಆಗ ಜಾತ್ರೆಯಿಂದ ಮರಳಿದವರ ಬಾಯಿಂದ ಊರಿಗೆ ಬರುತ್ತಿತ್ತು, ಬರುವಷ್ಟರಲ್ಲಿ ಅರ್ಥ ಎರಡು ಮೂರಾಗಿರುತ್ತಿದ್ದದ್ದೂ ಉಂಟು.

ಬಂದ ಕಾಗದಗಳನ್ನು ಕೊಕ್ಕೆ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುವ ರೂಢಿ ಮನೆಗಳಲ್ಲಿತ್ತು. ಯಾವ ವರ್ಷ ಮಳೆ ಹೋಯಿತು, ಶೇಂಗಾ ಎಷ್ಟಕ್ಕೆ ಮಾರಿತು, ಯಾರು ಯಾವ ತೋಟಕ್ಕೆ ದುಡಿಯಲು ಹೋದರು ಎಂಬ ಸಂಗತಿಗಳು ಅವುಗಳಲ್ಲಿವೆ. ಯಾವ ಗೆಜೆಟಿಯರಿನಲ್ಲೂ ಇಷ್ಟು ಹತ್ತಿರದಿಂದ ಸಿಗುವುದಿಲ್ಲ. ಹಳೆ ಮನೆ ಕೆಡವುವಾಗ ಆ ತಂತಿ ಸಿಕ್ಕರೆ ಒಲೆಗೆ ಹಾಕಬೇಡಿ. ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ.