ಬಿಲ್ಲುಗಳ ರಾಶಿಯಲ್ಲಿ ಬೇಕಾದುದನ್ನು ಹುಡುಕುವ ಯಂತ್ರಕಲಿಕೆ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವರ್ತಕರಿಗೆ ನೋಟಿಸು ನೀಡಿತು. ಜಮೆಯ ಮೊತ್ತವು ಮಾರಿದ ವಸ್ತು ಯಾವುದೆಂದು ಹೇಳದು. ಕತ್ರಿಗುಪ್ಪೆಯ ದಿನಸಿ ಅಂಗಡಿಯೊಂದು ತನ್ನ ವಹಿವಾಟಿನಲ್ಲಿ ತೆರಿಗೆ ಬೀಳುವ ಪಾಲೆಷ್ಟೆಂದು ತೋರಿಸಬೇಕಾದರೆ ಹಳೆಯ ಖರೀದಿ ಬಿಲ್ಲುಗಳೇ ಆಧಾರ. ಅಲ್ಲಿಯೇ ತೊಡಕು: ಒಂದೇ ಸರಕು ಒಂದು ಕಡತದಲ್ಲಿ ‘ಹಾಲು’, ಇನ್ನೊಂದರಲ್ಲಿ ‘ಮಿಲ್ಕ್’, ಮತ್ತೊಂದರಲ್ಲಿ ಬರಿಯ ಎಚ್‌ಎಸ್‌ಎನ್ 0401. ಅಕ್ಷರ ಹೋಲಿಸುವ ಸಾಮಾನ್ಯ ಶೋಧಕ್ಕೆ ಇವು ಮೂರು ಬೇರೆ ವಸ್ತುಗಳು. ಯಂತ್ರಕಲಿಕೆಯ ತಂತ್ರಾಂಶವಾದರೋ ಲೆಕ್ಕಿಗರು ಗುರುತಿಸಿಕೊಟ್ಟ ನಿದರ್ಶನಗಳಿಂದ ಈ ನಂಟನ್ನು ಕಲಿತು, ಸಂಬಂಧಪಟ್ಟ ಬಿಲ್ಲುಗಳನ್ನು ಮೊದಲು ಮುಂದಿಡುತ್ತದೆ. ಬಿಲ್ಲನ್ನೇ ಇಡದವರಿಗೆ ಅದರಿಂದ ಪ್ರಯೋಜನವಿಲ್ಲ. ಹೊಂದಾಣಿಕೆಯನ್ನು ಲೆಕ್ಕಪರಿಶೋಧಕರು ಮತ್ತೊಮ್ಮೆ ನೋಡಲೇಬೇಕು. ತೆರಿಗೆಯುಳ್ಳ ಹಾಲಿನ ಪುಡಿಯನ್ನು ಯಂತ್ರವು ತಾಜಾ ಹಾಲಿನೊಡನೆ ಸೇರಿಸಿಬಿಟ್ಟರೆ ಇಲಾಖೆಗೆ ಕೊಡುವ ಉತ್ತರವೇ ತಪ್ಪಾಗುತ್ತದೆ.