ಹರಿಪುರದ ಮಾಸ್ತರರು ಬರೆದ ಹುಡುಗಿ

ಸಾಂಗ್ಲಿವಾಡಿಯಿಂದ ಆಯರ್ವಿನ್ ಸೇತುವೆ ದಾಟಿದರೆ ಸಾಂಗ್ಲಿ. ಅಲ್ಲಿಂದ ತುಸು ದೂರದಲ್ಲೇ ವಾರಣಾ ನದಿ ಕೃಷ್ಣೆಯನ್ನು ಕೂಡುವ ಹರಿಪುರ. 1855ರಲ್ಲಿ ಹುಟ್ಟಿದ ಮರಾಠಿ ನಾಟಕಕಾರ ಗೋವಿಂದ ಬಲ್ಲಾಳ ದೇವಲ ಬೆಳೆದ ಊರು ಇದು. ಬೆಳಗಾವಿಯಲ್ಲಿ ಶಾಲಾ ಮಾಸ್ತರರಾಗಿದ್ದವರು, ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರ ಶಿಷ್ಯರಾಗಿ ರಂಗಕ್ಕೆ ಬಂದರು. ನಲವತ್ತು ದಾಟಿದ ಈ ಗಂಡಸು ಬರೆದದ್ದು, ಮುದುಕನಿಗೆ ಮಾರಾಟವಾಗಲಿರುವ ಎಳೆಯ ಹುಡುಗಿಯ ಒಡಲುರಿಯನ್ನು. ‘ಸಂಗೀತ ಶಾರದಾ’ 1899ರಲ್ಲಿ ರಂಗವೇರಿತು.

ತಮ್ಮದಲ್ಲದ ಬದುಕನ್ನು ದೇವಲರು ಹೊಕ್ಕದ್ದು ಹೇಗೆ? ಹಾಡಿನ ಬಾಗಿಲಿನಿಂದ ಎಂದು ನನಗನಿಸುತ್ತದೆ. ಆಗಿನ ಸಂಗೀತ ನಾಟಕದ ಪುಸ್ತಕ ತೆರೆದರೆ ಪದದ ನೆತ್ತಿಯ ಮೇಲೆ ‘ಚಾಲ್’ ಎಂದು ಅದರ ಮಟ್ಟನ್ನು ನಮೂದಿಸಿರುತ್ತದೆ. ಜನರ ನಾಲಿಗೆಯ ಮೇಲೆ ಆಗಲೇ ಆಡುತ್ತಿದ್ದ ಮಟ್ಟಿಗೆ ಮಾತು ಕೂಡಿಸುವುದು ರೂಢಿ. ದೇವಲರು ಆ ಮಟ್ಟಿಗೆ ಮನೆಮಾತನ್ನೇ ಹೊಂದಿಸಿದರು. ಶಾರದೆ ಸುಧಾರಕರ ಭಾಷಣ ಮಾಡುವುದಿಲ್ಲ. ಹೆದರುತ್ತಾಳೆ, ಅವ್ವನ ಮುಂದೆ ಕಣ್ಣೀರಿಡುತ್ತಾಳೆ. ಗೆಳತಿ ವಲ್ಲರಿ ವರನ ವಯಸ್ಸನ್ನು ಹಾಡಿನಲ್ಲೇ ಹಂಗಿಸುತ್ತಾಳೆ. ಪ್ರೇಕ್ಷಕರು ನಗುತ್ತಿದ್ದಂತೆಯೇ ಹುಡುಗಿಯ ಸಂಕಟ ಎದೆಗೆ ತಟ್ಟುತ್ತದೆ. ದುಡ್ಡಿನಾಸೆಯ ಅಪ್ಪ ಕಾಂಚನಭಟ್ಟ, ಮದುವೆಯ ದಲ್ಲಾಳಿ ಭದ್ರೇಶ್ವರ ದೀಕ್ಷಿತ, ಇವರೂ ಬರೀ ಬೊಂಬೆಗಳಲ್ಲ. ಅಂಥವರನ್ನು ದೇವಲರು ನಿತ್ಯ ಕಂಡಿರಬೇಕು.

ಇದೇ ಕನ್ಯಾವಿಕ್ರಯವನ್ನು ಉತ್ತರ ಕನ್ನಡದ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಯವರು ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ದಲ್ಲಿ 1887ರಲ್ಲೇ ಕನ್ನಡಕ್ಕೆ ತಂದಿದ್ದರು. ಸಾಂಗ್ಲಿಗೂ ಕರ್ಕಿಗೂ ಹಳೆಯ ನಂಟಿದೆ. ಮರಾಠಿ ರಂಗಭೂಮಿಯ ಮೊದಲಿಗರಾದ ವಿಷ್ಣುದಾಸ ಭಾವೆ 1843ರಲ್ಲಿ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಲು ಪ್ರೇರಣೆಯಾದದ್ದು ಕರ್ಕಿಯ ಯಕ್ಷಗಾನ ಮೇಳದ ಆಟ. ಆದರೆ ಸೂರಿಯವರ ಅಸ್ತ್ರ ನಗೆ. ದೇವಲರು ಹುಡುಗಿಯ ಕೊರಳಿಗೇ ಹಾಡು ಕೊಟ್ಟರು. ಅಲ್ಲಿಯೇ ಅವರ ದೊಡ್ಡತನ.

ಇನ್ನು ಆ ಹಾಡನ್ನು ಹಾಡಿದವರೂ ಗಂಡಸರೇ. ಮಿರಜಿನಲ್ಲಿ 1905ರಲ್ಲಿ ಶಕುಂತಲೆಯಾಗಿ ಮೊದಲ ಬಾರಿ ಬಣ್ಣ ಹಚ್ಚಿದ ನಟ ಬಾಲಗಂಧರ್ವರು ಮುಂದೆ ಶಾರದೆಯೂ ಆದರು. ತಾಲೀಮು ಮಾಸ್ತರರೂ ಆಗಿದ್ದ ದೇವಲರಿಗೆ ಬರವಣಿಗೆ ಹಾಳೆಯಲ್ಲಿ ಮುಗಿಯುತ್ತಿರಲಿಲ್ಲ. ಸೆರಗು ಹೊದ್ದ ಹುಡುಗನ ಬಾಯಲ್ಲಿ ಮಾತು ಹೆಣ್ಣಿನದಾಗಿ ಕೇಳಿಸುವವರೆಗೂ ತಿದ್ದಬೇಕಿತ್ತು. ಇಂದು ಹಾಡುನಾಟಕ ಬರೆಯುವವರು ಈ ತಾಲೀಮಿನ ಪಾಠವನ್ನು ಬಿಡಬಾರದು.